ಒಂದು ಕಾರು, ಒಂದು ದಿನ, 1600 ವರ್ಷ

ಶಿವಮೊಗ್ಗಕ್ಕೆ ಕಡಲಿಲ್ಲ. ಬಂದಿಳಿಯುವವರಿಗೆ ರೈಲು ನಿಲ್ದಾಣ, ಇಲ್ಲವೇ 2023ರಲ್ಲಿ ತೆರೆದ ಸೋಗಾನೆ ವಿಮಾನ ನಿಲ್ದಾಣವೇ ಬಂದರು. ಬಾಡಿಗೆ ಕಾರು, ಶಾಸನ ಬಲ್ಲ ಒಬ್ಬ ಗೈಡ್ ಇದ್ದರೆ ಇಲ್ಲಿನ 1600 ವರ್ಷದ ಇತಿಹಾಸ ಸುತ್ತಿ ನೋಡಲು ಒಂದು ದಿನ ಸಾಕು.

ಮೊದಲು ಭದ್ರಾವತಿ. ಉಕ್ಕಿನ ಊರೆಂದೇ ಹೆಸರು. ಕಾರ್ಖಾನೆ ಶುರುವಾದದ್ದು 1923ರಲ್ಲಿ. ಅದಕ್ಕೂ ಸುಮಾರು ಏಳು ಶತಮಾನ ಮೊದಲೇ ಹೊಯ್ಸಳ ಶಿಲ್ಪಿಗಳು ಇಲ್ಲಿ ಲಕ್ಷ್ಮೀನರಸಿಂಹ ದೇಗುಲ ಕಟ್ಟಿದ್ದರು. ಒಂದೇ ನವರಂಗ, ಮೂರು ಗರ್ಭಗುಡಿ.

ಆಮೇಲೆ ಶಿಕಾರಿಪುರದ ದಾರಿ. ಬಳ್ಳಿಗಾವಿಯಲ್ಲಿ ಕೇದಾರೇಶ್ವರ, ತ್ರಿಪುರಾಂತಕ ದೇಗುಲಗಳು, ಜೊತೆಗೆ 1047ರ ಭೇರುಂಡೇಶ್ವರ ಕಂಬ. ಗಂಡಭೇರುಂಡ ಕಂಡವರಿಗೆ ರಾಜ್ಯದ ಲಾಂಛನ ನೆನಪಾಗದೇ ಇರದು.

ದಿನದ ತಿರುಳು ಮಾತ್ರ ತಾಳಗುಂದ. ಪ್ರಣವೇಶ್ವರ ಗುಡಿಯೆದುರಿನ ಕಂಬದಲ್ಲಿ ಕವಿ ಕುಬ್ಜ ಬರೆದ ಕದಂಬರ ಕಥೆಯಿದೆ: ಓದಲು ಕಂಚಿಗೆ ಹೋದ ಮಯೂರಶರ್ಮ, ಪಲ್ಲವರ ಕುದುರೆ ಸವಾರನೊಂದಿಗೆ ಜಗಳ, ಅವಮಾನ, ಆ ಸಿಟ್ಟಿನಿಂದ ಹುಟ್ಟಿದ ರಾಜ್ಯ. ಭಾಷೆ ಸಂಸ್ಕೃತ; ಓದಿ ಹೇಳುವವರಿಲ್ಲದಿದ್ದರೆ ಅದು ಬರೀ ಕಲ್ಲು. ಇಲ್ಲಿನ ಉತ್ಖನನದಲ್ಲೇ ಸಿಂಹಕಟಾಂಜನ ಶಾಸನ ಸಿಕ್ಕಿತು. ಪುರಾತತ್ವ ಸರ್ವೇಕ್ಷಣ ಇಲಾಖೆ ಅದನ್ನು ಸುಮಾರು ಕ್ರಿ.ಶ. 370ರದ್ದೆಂದಿದೆ; ಅಂದರೆ ಬಹುಕಾಲ ಅತಿ ಹಳೆಯ ಕನ್ನಡ ಶಾಸನವೆನಿಸಿದ್ದ ಹಲ್ಮಿಡಿ ಶಾಸನಕ್ಕಿಂತ ಹಳೆಯ ಕನ್ನಡ.

ಬಿಸಿಲು ಓರೆಯಾಗುವ ಹೊತ್ತಿಗೆ ತಾಳಗುಂದದಲ್ಲಿರಿ. ಕಂಬದ ಅಕ್ಷರಗಳು ಆಗ ಚೆನ್ನಾಗಿ ಕಾಣುತ್ತವೆ.