ಹೊಗೆಯಾಗಿ ಹೋಗುವ ಕಟ್ಟಿಗೆ

ಐವತ್ತು ಲೀಟರ್ ನೀರು ಸ್ನಾನಕ್ಕೆ ಹದವಾಗಿ ಕಾಯಲು ಎಷ್ಟು ಕಟ್ಟಿಗೆ ಬೇಕು? ಒಂದು ಲೀಟರ್ ನೀರಿನ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಬೇಕಾದರೆ ಸುಮಾರು 4.2 ಕಿಲೋಜೌಲ್ ಶಾಖ ಬೇಕು. 22 ಡಿಗ್ರಿಯಲ್ಲಿರುವ ನೀರು 60 ಡಿಗ್ರಿ ಮುಟ್ಟಲು ಒಟ್ಟು 8,000 ಕಿಲೋಜೌಲ್. ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು 15,000 ಕಿಲೋಜೌಲ್ ಶಾಖ ಇರುತ್ತದೆ. ಲೆಕ್ಕದ ಪ್ರಕಾರ ಅರ್ಧ ಕಿಲೋಗಿಂತ ತುಸು ಹೆಚ್ಚಿದ್ದರೆ ಸಾಕು. ಆದರೆ ಬಚ್ಚಲೊಲೆಗೆ ದಿನವೂ ಕಟ್ಟಿಗೆ ಒಟ್ಟುವವರನ್ನು ಕೇಳಿ ನೋಡಿ, ಮೂರು ಕಿಲೋ ಹಾಕಿದರೂ ನೀರು ಉಗುರುಬೆಚ್ಚಗೇ ಉಳಿಯುವುದುಂಟು. ಉಳಿದ ಶಾಖ ಒಲೆಯ ಗೋಡೆಗೆ, ನೆಲಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ಹೊಗೆಯ ದಾರಿಗೆ ಹೋಗಿರುತ್ತದೆ.

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಅಡುಗೆ ಗ್ಯಾಸಿಗೆ ಬಂದರೂ ಸ್ನಾನದ ನೀರಿಗೆ ಬೆಂಕಿ ಉರಿಸುವ ಮನೆಗಳು ಕಡಿಮೆಯಾಗಿಲ್ಲ. ಉರುವಲು ಹೊಲದಲ್ಲೇ ಸಿಗುತ್ತದೆ: ಗೋವಿನಜೋಳದ ಬೆಂಡು, ಹತ್ತಿಕಟ್ಟಿಗೆ, ತೋಟದ ಮಾವಿನ ಒಣಕೊಂಬೆ. ಹಳೆಯ ಹಂಡೆಯ ಜಾಗಕ್ಕೆ ಬಂದಿರುವುದು ನಡುವೆ ಕೊಳವೆಯಿರುವ ತಾಮ್ರದ ಇಲ್ಲವೇ ಕಬ್ಬಿಣದ ಬಾಯ್ಲರ್. ಹೊಸದು ದುಬಾರಿ, ಹಾಗಾಗಿ ಗುಜರಿ ಅಂಗಡಿಯಲ್ಲೋ ಮನೆ ಕೆಡವಿದವರ ಹತ್ತಿರವೋ ಬಳಸಿದ್ದನ್ನೇ ಕೊಳ್ಳುವುದು ಜಾಣತನ. ಅದರ ರಚನೆ ಬಲ್ಲವರಿಗೆ ಅದು ಒಳ್ಳೆಯ ವ್ಯಾಪಾರವೂ ಹೌದು.

ಕೊಳ್ಳುವ ಮುನ್ನ ಬಾಯ್ಲರಿನ ತುಂಬ ನೀರು ತುಂಬಿಸಿ ಒಂದು ರಾತ್ರಿ ಬಿಡಬೇಕು. ತಳವೂ ನಡುಗೊಳವೆಯೂ ಕೂಡುವ ಅಂಚು ಮೊದಲು ಸೋರುವ ಜಾಗ. ಅಲ್ಲಿ ಹಸಿರು ಕಿಲುಬು ಕಟ್ಟಿದ್ದರೆ ಹಿಂದೆ ಸೋರಿದೆ ಎಂದೇ ಅರ್ಥ. ತವರ–ಸೀಸದ ಬೆಸುಗೆ ಸುಮಾರು 180–190 ಡಿಗ್ರಿಯಲ್ಲೇ ಕರಗತೊಡಗುತ್ತದೆ. ಒಳಗೆ ನೀರಿರುವ ತನಕ ಲೋಹದ ಬಿಸಿ ನೂರು ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಬೆಸುಗೆಗೆ ಅಪಾಯವಿಲ್ಲ. ಖಾಲಿ ಬಾಯ್ಲರಿಗೆ ಬೆಂಕಿ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಕೀಲು ಬಿಡುತ್ತದೆ. ಸೀಸದ ಬೆಸುಗೆಯ ಪಾತ್ರೆಯ ನೀರು ಸ್ನಾನಕ್ಕೆ ಮಾತ್ರ, ಅಡುಗೆಗಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಲೇಬೇಕು. ಬಾಯ್ಲರಿನ ಮೇಲ್ಬಾಯಿ ಯಾವಾಗಲೂ ಹೊರಗಾಳಿಗೆ ತೆರೆದಿರಬೇಕು. ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಹಿಗ್ಗುತ್ತದೆ. ನಲ್ಲಿಯ ಜೊತೆಗೆ ಮೇಲಿನ ದಾರಿಯನ್ನೂ ಮುಚ್ಚಿಬಿಟ್ಟರೆ ಬಾಯ್ಲರ್ ಬಾಂಬಿನಷ್ಟೇ ಅಪಾಯಕಾರಿ.

ಕಟ್ಟಿಗೆ ಉರಿಯುವ ಬಗೆ ತಿಳಿದರೆ ಮುಂದಿನ ಸುಧಾರಣೆಗಳೆಲ್ಲ ತಾವಾಗಿ ಹೊಳೆಯುತ್ತವೆ. ಕಾದ ಕಟ್ಟಿಗೆಯ ತೂಕದ ಸುಮಾರು ಮುಕ್ಕಾಲು ಪಾಲು ಅನಿಲವಾಗಿ ಹೊರಡುತ್ತದೆ. ಉಳಿದದ್ದು ಮಾತ್ರ ಇದ್ದಿಲು. ಕಣ್ಣಿಗೆ ಕಾಣುವ ಜ್ವಾಲೆಯೆಂದರೆ ಈ ಅನಿಲ ಉರಿಯುವುದೇ. ಅದಕ್ಕೆ ಅಂದಾಜು 600 ಡಿಗ್ರಿಗೆ ಮೀರಿದ ಬಿಸಿ, ಸಾಕಷ್ಟು ಗಾಳಿ, ಎರಡೂ ಬೆರೆಯಲು ಒಂದಿಷ್ಟು ಜಾಗ ಬೇಕು. ಒಂದು ಕಿಲೋ ಕಟ್ಟಿಗೆ ಪೂರ್ತಿ ಉರಿಯಲು ಸುಮಾರು ಐದು ಘನ ಮೀಟರ್ ಗಾಳಿ ಖರ್ಚಾಗುತ್ತದೆ. ಇವುಗಳಲ್ಲಿ ಒಂದು ಕೊರತೆಯಾದರೂ ಅನಿಲ ಉರಿಯದೆ ಹೊಗೆಯಾಗಿ ಹೊರಬೀಳುತ್ತದೆ. ಕಪ್ಪು ಹೊಗೆ ಎಂದರೆ ಹೊತ್ತು ತಂದ ಉರುವಲೇ ಉರಿಯದೆ ಹಾರಿಹೋಗುವುದು.

ಆದ್ದರಿಂದ ಮೊದಲ ಕೆಲಸ, ಬೆಂಕಿಯನ್ನು ನೆಲದಿಂದ ಎತ್ತುವುದು. ಕಬ್ಬಿಣದ ಸರಳುಗಳ ಜಾಲರಿಯೊಂದನ್ನು ನಾಲ್ಕೈದು ಇಂಚು ಎತ್ತರಕ್ಕೆ ಕೂರಿಸಿದರೆ ಗಾಳಿ ಅಡಿಯಿಂದ ಕೆಂಡಕ್ಕೆ ನುಗ್ಗುತ್ತದೆ, ಬೂದಿ ಕೆಳಗಿಳಿಯುತ್ತದೆ. ಬೂದಿ ತುಂಬಿ ಆ ಸಂದು ಮುಚ್ಚಿಹೋದ ದಿನ ಜಾಲರಿ ಇದ್ದೂ ಇಲ್ಲದಂತೆ. ಸತುವು ಲೇಪಿಸಿದ ತಗಡನ್ನಾಗಲಿ ಸರಳನ್ನಾಗಲಿ ಉರಿಯೊಳಗೆ ಇಡಬಾರದು. ಆ ಲೇಪ ಕಾದು ಏಳುವ ಹೊಗೆಯಿಂದ ಜ್ವರ, ಮೈಕೈ ನೋವು ಬರುತ್ತದೆ.

ಎರಡನೆಯದು ಒಲೆಯ ಗೋಡೆ. ದಪ್ಪ ಕಲ್ಲು ಮಣ್ಣಿನ ಗೋಡೆ ಶಾಖ ಹಿಡಿದಿಡುತ್ತದೆಂದು ಹಲವರು ನಂಬಿದ್ದಾರೆ. ಹಿಡಿದಿಡುವುದು ನಿಜ, ಆದರೆ ನೀರಿಗೆ ಸಿಗಬೇಕಾದ ಶಾಖವನ್ನೇ ಅದು ಮೊದಲು ಕುಡಿದುಬಿಡುತ್ತದೆ. ಮುಂಜಾನೆ ಅರ್ಧ ತಾಸು ಉರಿಯುವ ಬಚ್ಚಲೊಲೆಗೆ ಇದು ದೊಡ್ಡ ನಷ್ಟ. ಒಳಮೈಗೆ ಹಗುರಾದ, ಒಳಗೆ ಗಾಳಿ ಹಿಡಿದಿರುವ ಪದರ ಬೇಕು. ಭತ್ತ ಬೆಳೆಯುವ ಹಾನಗಲ್ಲ ಸೀಮೆಯಲ್ಲಿ ಅದಕ್ಕೆ ಹುಡುಕಾಡಬೇಕಿಲ್ಲ: ಭತ್ತದ ಹೊಟ್ಟಿನ ಬೂದಿಯ ಬಹುಪಾಲು ಸಿಲಿಕಾ, ಅದು ಉರಿಗೆ ಕರಗದು, ಶಾಖವನ್ನು ಸುಲಭಕ್ಕೆ ದಾಟಿಸದು. ಆ ಬೂದಿಗೆ ಅಂಟು ಹಿಡಿಯುವಷ್ಟು ಜೇಡಿಮಣ್ಣು ಕಲಸಿ ಎರಡು ಇಂಚು ಮೆತ್ತಿ, ಪೂರ್ತಿ ಆರಲು ಬಿಟ್ಟು, ಮೊದಲ ಕೆಲವು ದಿನ ಸಣ್ಣ ಉರಿ ಹಾಕಬೇಕು. ಅವಸರಪಟ್ಟರೆ ಬಿರುಕು ಗ್ಯಾರಂಟಿ.

ಮೂರನೆಯದು, ಬಿಸಿಗಾಳಿಯನ್ನು ತಡೆದು ನಿಲ್ಲಿಸುವುದು. ನಡುಗೊಳವೆಯಲ್ಲಿ ಅದು ನೆಟ್ಟಗೆ ಮೇಲೇರಿದರೆ ನಡುಭಾಗದ ಗಾಳಿ ಗೋಡೆಯನ್ನು ಮುಟ್ಟುವುದೇ ಇಲ್ಲ. ತೆಳ್ಳನೆಯ ಕಬ್ಬಿಣದ ಪಟ್ಟಿಯೊಂದನ್ನು ತಿರುಚಿ ಕೊಳವೆಯೊಳಗೆ ತೂಗುಬಿಟ್ಟರೆ ಗಾಳಿ ಸುತ್ತುತ್ತ ಹೋಗುತ್ತದೆ, ಗೋಡೆಗೆ ಉಜ್ಜುತ್ತದೆ, ಶಾಖ ನೀರಿಗಿಳಿಯುತ್ತದೆ. ಕಾರ್ಖಾನೆಗಳ ಬಾಯ್ಲರುಗಳಲ್ಲೂ ಇದೇ ಉಪಾಯವಿದೆ. ಪಟ್ಟಿ ತೀರ ಅಗಲವಾಗಿದ್ದರೆ ಎಳೆತ ಕುಗ್ಗಿ ಒಲೆಬಾಯಿಂದಲೇ ಹೊಗೆ ಬರುತ್ತದೆ; ಆಗ ಕತ್ತರಿಸಿ ಸಣ್ಣದು ಮಾಡಬೇಕು. ವಾರಕ್ಕೊಮ್ಮೆ ಪಟ್ಟಿ ಹೊರತೆಗೆದು, ಕೋಲಿಗೆ ತೆಂಗಿನ ನಾರು ಕಟ್ಟಿ ಕೊಳವೆಯ ಮಸಿ ಉಜ್ಜಬೇಕು. ಮಸಿಯ ತೆಳುಪದರವೂ ಶಾಖಕ್ಕೆ ಅಡ್ಡಗೋಡೆಯೇ.

ಹೊಗೆಕೊಳವೆ ಮಾಳಿಗೆಯ ನೆತ್ತಿಗಿಂತ ಎರಡು ಮೂರು ಅಡಿ ಎತ್ತರವಿರಲಿ. ಹಳೆಯ ಕಲ್ನಾರು ಸಿಮೆಂಟಿನ ಕೊಳವೆ ಅಗ್ಗಕ್ಕೆ ಸಿಕ್ಕರೂ ಬೇಡ. ಕೊಯ್ದಾಗ ಏಳುವ ಎಳೆ ಶ್ವಾಸಕೋಶದಲ್ಲಿ ಉಳಿದುಬಿಡುತ್ತದೆ. ಕಿಟಕಿಯಿಲ್ಲದ ಬಚ್ಚಲಲ್ಲಿ ಒಲೆ ಇದ್ದರೆ ಕೆಂಡದ ಹೊತ್ತೇ ಹೆಚ್ಚು ಅಪಾಯ, ಏಕೆಂದರೆ ಆಗ ಏಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಈ ವಿಷಯದಲ್ಲಿ ಕರ್ನಾಟಕಕ್ಕೆ ತನ್ನದೇ ಪರಂಪರೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ ‘ಅಸ್ತ್ರ’ ಘಟಕ ಹುಟ್ಟಿತು. ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಯಾರು, ಎಷ್ಟು, ಯಾವುದಕ್ಕೆ ಉರಿಸುತ್ತಾರೆಂದು ಅಳೆದು ನೋಡಿದ ವಿಜ್ಞಾನಿಗಳು ಆಮೇಲೆ ಮೂರು ಪಾತ್ರೆಯ ಅಸ್ತ್ರ ಒಲೆ ರೂಪಿಸಿದರು. ಮುಚ್ಚಿದ ಉರಿಕೋಣೆ, ಜಾಲರಿ, ಚಿಮಣಿ, ಅಳೆದಿಟ್ಟ ಸಂದುಗಳು: ಇವಿಷ್ಟರಿಂದಲೇ ಪ್ರಯೋಗಾಲಯದಲ್ಲಿ ಕಟ್ಟಿಗೆಯ ಶಾಖದಲ್ಲಿ ಶೇ 40ರ ಆಸುಪಾಸು ಪಾತ್ರೆಗೆ ಸಿಕ್ಕಿತು. ಹಳ್ಳಿಗಳಲ್ಲಿ ಎಲ್ಲೆಡೆ ಈ ಫಲ ಉಳಿಯಲಿಲ್ಲ. ಒಲೆ ಕಟ್ಟುವಾಗ ಅಳತೆ ತಪ್ಪಿದಲ್ಲಿ, ಚಿಮಣಿಗೆ ಮಸಿ ಕಟ್ಟಿದಲ್ಲಿ ಅದೇ ಒಲೆ ಸೋತಿತು. ಒಂದಂಗುಲದ ಸಂದು ಎರಡಂಗುಲವಾದರೆ ಒಲೆಯೇ ಬೇರೆಯಾಗುತ್ತದೆ ಎಂಬುದನ್ನು ಹಳೆಯ ಬಾಯ್ಲರ್ ಕೂರಿಸುವವರೂ ಮನಸ್ಸಿನಲ್ಲಿಡಬೇಕು.

ಇನ್ನು ಉರುವಲು. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅಂಥ ನಾಲ್ಕು ಕಿಲೋ ಉರಿಸಿದರೆ ಅದರೊಳಗಿನ ಎರಡು ಕಿಲೋ ನೀರನ್ನು ಆವಿ ಮಾಡಲೇ ಸುಮಾರು 5,200 ಕಿಲೋಜೌಲ್ ವ್ಯರ್ಥ. ಸ್ನಾನದ ನೀರಿಗೆ ಬೇಕಾದುದರ ಮೂರರಲ್ಲಿ ಎರಡು ಪಾಲು ಅಲ್ಲೇ ಹೋಯಿತು. ಮಳೆಗಾಲಕ್ಕೆ ಮೊದಲೇ ಕಟ್ಟಿಗೆ ಸೀಳಿ, ಗಾಳಿಯಾಡುವಂತೆ ಒಟ್ಟಿ, ಮೇಲಷ್ಟೇ ಮುಚ್ಚಬೇಕು. ಬೆಂಡು ಭಗ್ಗೆಂದು ಹತ್ತಿ ಬೇಗ ಮುಗಿಯುವುದರಿಂದ ಅದನ್ನು ಸ್ವಲ್ಪ ಸ್ವಲ್ಪವೇ ಹಾಕುವುದು ಲೇಸು. ಸವಣೂರು ಕಡೆ ಹತ್ತಿಕಟ್ಟಿಗೆಯನ್ನು ಹೊಲದ ಬದುವಿನಲ್ಲೇ ಒಟ್ಟಿಡುವವರು ಇನ್ನೊಂದನ್ನೂ ಗಮನಿಸಬೇಕು: ಗುಲಾಬಿ ಕಾಯಿಕೊರಕ ಹುಳು ಆ ರಾಶಿಯಲ್ಲೇ ಮುಂದಿನ ಬೆಳೆಯ ತನಕ ಉಳಿಯಬಲ್ಲದು. ಬೇಗ ಉರಿಸಿ ಮುಗಿಸಿದರೆ ಹೊಲಕ್ಕೂ ಒಳಿತು.

ಮಾಡಿದ್ದು ಫಲಿಸಿತೇ ಎಂದು ತಿಳಿಯಲು ಒಂದು ತಕ್ಕಡಿ, ಒಂದು ಉಷ್ಣಮಾಪಕ ಸಾಕು. ತೂಗಿದ ಎರಡು ಕಿಲೋ ಕಟ್ಟಿಗೆ, ಅಳೆದ ಐವತ್ತು ಲೀಟರ್ ನೀರು. ಉರಿ ಆರಿದ ಮೇಲೆ ನೀರು ಎಷ್ಟು ಡಿಗ್ರಿ ಏರಿತೆಂದು ಬರೆದಿಟ್ಟುಕೊಳ್ಳುವುದು. 21 ಡಿಗ್ರಿ ಏರಿದ್ದರೆ ನೀರಿಗೆ ಸಿಕ್ಕಿದ್ದು ಶೇ 15ರಷ್ಟು. 57 ಡಿಗ್ರಿ ಏರಿದ್ದರೆ ಶೇ 40. ಜಾಲರಿ ಹಾಕಿದ ಮೇಲೊಮ್ಮೆ, ಬೂದಿ ಮೆತ್ತಿದ ಮೇಲೊಮ್ಮೆ, ಪಟ್ಟಿ ಬಿಟ್ಟ ಮೇಲೊಮ್ಮೆ ಹೀಗೆ ಬೇರೆ ಬೇರೆಯಾಗಿ ಅಳೆದರೆ, ಯಾವ ಬದಲಾವಣೆಯಿಂದ ಎಷ್ಟು ಕಟ್ಟಿಗೆ ಉಳಿಯಿತೆಂದು ಮನೆಯವರೇ ಲೆಕ್ಕ ಹಾಕಬಹುದು.