ಕ್ಯಾಮೆರಾದ ಹಿಂದಿನ ಲೆಕ್ಕ

ತುಮಕೂರಿನ ಬಿ.ಎಚ್. ರಸ್ತೆಯಿಂದ ಗುಬ್ಬಿ, ಕುಣಿಗಲ್‌ಗಳ ಪೇಟೆಬೀದಿಯವರೆಗೆ ಮದುವೆಯ ಛಾಯಾಗ್ರಹಣವೇ ಅನೇಕ ಯುವಕರ ಜೀವನೋಪಾಯ. ಹೊಸದಾಗಿ ಸ್ಟುಡಿಯೊ ತೆರೆಯುವವರು ಕ್ಯಾಮೆರಾ, ಲೆನ್ಸ್‌ಗಳ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಚಿತ್ರವನ್ನು ತಿದ್ದುವ ಕಂಪ್ಯೂಟರ್, ತಂತ್ರಾಂಶ, ಕಾಪಿಡುವ ಡಿಸ್ಕ್‌ಗಳ ವಿಷಯ ಮಾತ್ರ ಕೊನೆಯ ದಿನದ ತೀರ್ಮಾನವಾಗಿ ಉಳಿಯುತ್ತದೆ. ಅರ್ಥಶಾಸ್ತ್ರ ಓದಿ, ಮೂರು ದಶಕ ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಈ ಕ್ರಮವೇ ತಲೆಕೆಳಗಾಗಿದೆ ಎನಿಸುತ್ತದೆ.

ನಿವೃತ್ತಿಯ ನಂತರ ಪರಿಚಿತರ ಮಕ್ಕಳು ಸಾಲದ ಅರ್ಜಿಗಳನ್ನು ತೋರಿಸಲು ನನ್ನಲ್ಲಿಗೆ ಬರುವುದುಂಟು. ಗುಬ್ಬಿಯ ಯುವಕನೊಬ್ಬ ಮುದ್ರಾ ಯೋಜನೆಯ 'ಕಿಶೋರ್' ವರ್ಗದ, ಅಂದರೆ 50 ಸಾವಿರ ಮೀರಿದ, 5 ಲಕ್ಷ ರೂಪಾಯಿಯೊಳಗಿನ ಸಾಲಕ್ಕಾಗಿ ದರಪಟ್ಟಿ ತಂದಿದ್ದ. ಮೊತ್ತದ ಬಹುಪಾಲು ಕ್ಯಾಮೆರಾಕ್ಕೆ. ಕಂಪ್ಯೂಟರಿಗೆ ಆಟವಾಡುವವರು ಬಯಸುವಂಥ ದುಬಾರಿ ಗ್ರಾಫಿಕ್ಸ್ ಕಾರ್ಡ್, ಬಣ್ಣಬಣ್ಣದ ದೀಪ. ಮಾನಿಟರ್ ಮಾತ್ರ ಅಂಗಡಿಯಲ್ಲಿದ್ದ ಅತ್ಯಂತ ಅಗ್ಗದ್ದು. ತಂತ್ರಾಂಶದ ಎದುರು ಸೊನ್ನೆ. "ಫೋಟೊಶಾಪ್ ಅಂಗಡಿಯೋರೇ ಹಾಕ್ಕೊಡ್ತಾರೆ ಸಾರ್" ಎಂದ.

ಆ ಸೊನ್ನೆಗೂ ಬೆಲೆಯಿದೆ. ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಸೇರಿಸಿದ 63-ಬಿ ಕಲಮಿನ ಪ್ರಕಾರ, ಗೊತ್ತಿದ್ದೂ ಕಳ್ಳಪ್ರತಿಯ ತಂತ್ರಾಂಶವನ್ನು ವ್ಯಾಪಾರಕ್ಕೆ ಬಳಸುವವನಿಗೆ ಕನಿಷ್ಠ 7 ದಿನಗಳ ಸೆರೆವಾಸ ಮತ್ತು ಕನಿಷ್ಠ 50 ಸಾವಿರ ರೂಪಾಯಿ ದಂಡ ವಿಧಿಸಬಹುದು. ಸಣ್ಣ ಊರಿನ ಸ್ಟುಡಿಯೊಗೆ ಪೊಲೀಸರು ಬರುವ ಸಂಭವ ಕಡಿಮೆಯೆಂದೇ ಇಟ್ಟುಕೊಳ್ಳೋಣ. ಆದರೆ ಬೀಗ ಒಡೆದ ತಂತ್ರಾಂಶದ ಜೊತೆಯಲ್ಲಿ ವೈರಸ್ಸೂ ಒಳಗೆ ಬರುತ್ತದೆ. ಅದು ಹಾಳುಮಾಡುವುದು ಬೇರೆಯವರ ಮನೆಯ ಮದುವೆಯ ಚಿತ್ರಗಳನ್ನು.

ಹಾಗಾದರೆ ಯಾವ ತಂತ್ರಾಂಶ? ಫೋಟೊಶಾಪ್ ಹೊರಬಂದದ್ದು 1990ರಲ್ಲಿ. 2012ರ ಸಿಎಸ್6ರ ತನಕ ಅದನ್ನು ಒಮ್ಮೆ ಕೊಂಡರೆ ನಮ್ಮದಾಗುತ್ತಿತ್ತು. 2013ರಲ್ಲಿ ಅಡೋಬಿ ಸಂಸ್ಥೆ ಬಾಡಿಗೆ ಪದ್ಧತಿಗೆ ಬದಲಾಯಿತು. ಬಾಡಿಗೆಯಿಂದ ಆರಂಭದ ಹೊರೆ ಇಳಿಯುತ್ತದೆ, ನಿಜ. ಆದರೆ ಕಟ್ಟುವುದು ನಿಂತ ದಿನ ಕೆಲಸವೂ ನಿಲ್ಲುತ್ತದೆ. ಇದಕ್ಕೆ ಪರ್ಯಾಯಗಳಿಲ್ಲವೆಂಬ ಮಾತು ಸರಿಯಲ್ಲ. ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಆರಂಭಿಸಿದ 'ಗಿಂಪ್' ಉಚಿತ. 2025ರಲ್ಲಿ ಅದರ ಮೂರನೆಯ ಆವೃತ್ತಿ ಬಂದಿದೆ. ಕ್ಯಾಮೆರಾದ ಕಚ್ಚಾ ಕಡತಗಳನ್ನು ಸಂಸ್ಕರಿಸಲು 'ಡಾರ್ಕ್‌ಟೇಬಲ್' ಇದೆ. ಹಣ ಕೊಟ್ಟು ಕೊಳ್ಳಬೇಕಾಗಿದ್ದ 'ಅಫಿನಿಟಿ'ಯನ್ನೂ 2025ರ ಅಕ್ಟೋಬರಿನಲ್ಲಿ ಉಚಿತವಾಗಿ ಬಿಡುಗಡೆ ಮಾಡಲಾಯಿತು.

ಆದರೂ ನಮ್ಮ ಸ್ಟುಡಿಯೊಗಳು ಫೋಟೊಶಾಪನ್ನು ಬಿಡದಿರುವುದಕ್ಕೆ ಕಾರಣ ಬರಿಯ ಜಡತ್ವವಲ್ಲ. ಮಾರುಕಟ್ಟೆಯಲ್ಲಿ ಸಿಗುವ ಆಲ್ಬಮ್ ವಿನ್ಯಾಸಗಳೆಲ್ಲ ಅದರ ಪಿಎಸ್‌ಡಿ ರೂಪದಲ್ಲಿವೆ. ಕೆಲಸಕ್ಕೆ ಬರುವ ಹುಡುಗರು ಕಲಿತಿರುವುದೂ ಅದನ್ನೇ. ಹತ್ತು ಜನ ಬಳಸುವುದರಿಂದಲೇ ಹನ್ನೊಂದನೆಯವನಿಗೂ ಉಪಯುಕ್ತವಾಗುವ ವಸ್ತು ಇದು. ಜೊತೆಗೆ ಕನ್ನಡದ ತೊಡಕೊಂದಿದೆ. ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತಿದ್ದುದರಿಂದ ವಧೂವರರ ಹೆಸರನ್ನು ನುಡಿಯ ಹಳೆಯ ಅಕ್ಷರಗಳಲ್ಲೇ ಬರೆಯುವ ರೂಢಿ ಬೇರುಬಿಟ್ಟಿತು. ತಂತ್ರಾಂಶ ಯಾವುದೇ ಇರಲಿ, ಆರಿಸುವ ಮುನ್ನ 'ಲಕ್ಷ್ಮೀ' ಎಂದು ಬರೆದು ನೋಡುವುದು ಒಳ್ಳೆಯದು.

ಇನ್ನು ಯಂತ್ರದ ವಿಚಾರ. 12 ಅಂಗುಲ ಎತ್ತರ, 36 ಅಂಗುಲ ಅಗಲದ ಆಲ್ಬಮ್ ಹಾಳೆಯನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಸಿದ್ಧಪಡಿಸಿದರೆ ಸುಮಾರು 3.9 ಕೋಟಿ ಚುಕ್ಕೆಗಳಾಗುತ್ತವೆ. ಹಾಳೆ ತುಂಬುವ ಒಂದೊಂದು ಪದರವೂ 117 ಎಂಬಿಯಷ್ಟು ಸ್ಮರಣೆಯನ್ನು ಕೇಳುತ್ತದೆ. ಇಪ್ಪತ್ತು ಪದರಗಳು ಸಾಮಾನ್ಯ. ಆದುದರಿಂದ 16 ಜಿಬಿ ರ‍್ಯಾಮ್ ಕನಿಷ್ಠ, 32 ಇದ್ದರೆ ನೆಮ್ಮದಿ. ಕೃತಕ ಬುದ್ಧಿಮತ್ತೆಯ ಹೊಸ ಸೌಲಭ್ಯಗಳಿಗೆ ಗ್ರಾಫಿಕ್ಸ್ ಕಾರ್ಡ್ ನೆರವಾಗುತ್ತದೆಯಾದರೂ ಮಧ್ಯಮ ದರ್ಜೆಯದು ಸಾಕು.

ಉಳಿಸಿದ ಹಣ ಮಾನಿಟರಿಗೆ ಹೋಗಬೇಕು. ಕಚ್ಚಾ ಕಡತದಲ್ಲಿ 14 ಬಿಟ್‌ನಂತೆ ಒಂದೊಂದು ಮೂಲವರ್ಣಕ್ಕೂ 16,384 ಹಂತಗಳಿರುತ್ತವೆ. ಜೆಪೆಗ್‌ನಲ್ಲಿ 256 ಮಾತ್ರ. ಕಲ್ಯಾಣಮಂಟಪದ ಹಳದಿ ಬೆಳಕನ್ನು ತಿದ್ದಲು, ಬಿಳಿ ಪಂಚೆಯ ನೆರಿಗೆಯನ್ನೂ ಧಾರೆ ಸೀರೆಯ ಜರಿಯನ್ನೂ ಒಟ್ಟಿಗೆ ಉಳಿಸಲು ಈ ಹಂತಗಳೇ ಆಧಾರ. ಬಣ್ಣವನ್ನು ತಪ್ಪಾಗಿ ತೋರಿಸುವ ಪರದೆಯ ಮುಂದೆ ಕೂತವನು ತಪ್ಪನ್ನೇ ಸರಿಯೆಂದು ತಿದ್ದುತ್ತಾನೆ. ಮುದ್ರಣವಾಗಿ ಬಂದ ಆಲ್ಬಮ್‌ನಲ್ಲಿ ಮುಖಗಳು ನೀಲಿಗಟ್ಟಿದ್ದರೆ ಮರುಮುದ್ರಣದ ವೆಚ್ಚ ಅವನದೇ. ಐಪಿಎಸ್ ಪರದೆ ಮತ್ತು ಬಣ್ಣ ಹೊಂದಿಸುವ ಉಪಕರಣ ಬೇಕು. ಉಪಕರಣವನ್ನು ನಾಲ್ಕಾರು ಸ್ಟುಡಿಯೊಗಳು ಸೇರಿ ಕೊಳ್ಳಬಹುದು. ('ಹುಡುಗೀನ ಸ್ವಲ್ಪ ಬೆಳ್ಳಗೆ ಮಾಡಿ' ಎನ್ನುವ ಬೀಗರಿಗೆ ಯಾವ ಉಪಕರಣದಲ್ಲೂ ಮದ್ದಿಲ್ಲ.)

ಎಲ್ಲಕ್ಕಿಂತ ಗಂಭೀರವಾದದ್ದು ಕಾಪಿಡುವ ಪ್ರಶ್ನೆ. ಕುಣಿಗಲ್‌ನ ಪರಿಚಿತ ಕುಟುಂಬವೊಂದು ಮಗಳ ಮದುವೆಯಾದ ಕೆಲವೇ ತಿಂಗಳಲ್ಲಿ ಮನೆಯ ಹಿರಿಯರನ್ನು ಕಳೆದುಕೊಂಡಿತು. ಆಲ್ಬಮ್‌ಗೆ ಸೇರದ ಅವರ ಚಿತ್ರಗಳನ್ನು ಕೇಳಿಕೊಂಡು ಹೋದರೆ ಸ್ಟುಡಿಯೊದ ಒಂದೇ ಒಂದು ಹಾರ್ಡ್ ಡಿಸ್ಕ್ ಕೆಟ್ಟು ಕೂತಿತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯ ಕಲಾವಿದರ ಮುಖಗಳನ್ನು ಕಾಗದದ ಹಳೆಯ ಚಿತ್ರಗಳಲ್ಲಿ ಇಂದಿಗೂ ನೋಡಬಹುದು. ಇತ್ತೀಚಿನ ಮದುವೆಯ ಅಜ್ಜ ಕಾಣುವುದಿಲ್ಲ. ಒಂದು ಮದುವೆಗೆ 2,000 ಚಿತ್ರ, ಚಿತ್ರವೊಂದಕ್ಕೆ 30 ಎಂಬಿ ಎಂದರೆ 60 ಜಿಬಿ. ವರ್ಷಕ್ಕೆ 30 ಮದುವೆಗೆ 1.8 ಟಿಬಿ. ಎರಡು ಪ್ರತಿಗೆ 4 ಟಿಬಿ ಸಾಕು. ಒಂದು ಪ್ರತಿ ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ. ವಿದ್ಯುತ್ ಹಠಾತ್ತನೆ ಹೋಗಿ ಬರುವ ಕಡೆ ಯುಪಿಎಸ್ ಸಹ ಈ ಲೆಕ್ಕಕ್ಕೇ ಸೇರಬೇಕು.

ಗುಬ್ಬಿಯ ಯುವಕ ಕ್ಯಾಮೆರಾವನ್ನು ಒಂದು ದರ್ಜೆ ಕೆಳಗಿಳಿಸಿ ದರಪಟ್ಟಿಯನ್ನು ಮತ್ತೆ ಬರೆದ. ಮಾನಿಟರ್, ಎರಡು ಡಿಸ್ಕ್, ಯುಪಿಎಸ್ ಸೇರಿದವು, ತಂತ್ರಾಂಶವಿನ್ನೂ ತೀರ್ಮಾನವಾಗಿಲ್ಲ. ನಮ್ಮಲ್ಲಿ ಆಷಾಢಕ್ಕೂ ಧನುರ್ಮಾಸಕ್ಕೂ ಮದುವೆಗಳಿರುವುದಿಲ್ಲ, ಬಾಡಿಗೆಯ ಕಂತಿಗೆ ಆ ವಿನಾಯಿತಿಯಿಲ್ಲ. ತಿಂಗಳ ಕಂತಿನಂತೆ ಕಾಣುವ ಕರಾರು ಎಷ್ಟೋ ಸಲ ಇಡೀ ವರ್ಷದ್ದಾಗಿರುತ್ತದೆ. ನಡುವೆ ಬಿಡುವವರಿಗೆ ವಿಧಿಸುವ ಶುಲ್ಕವನ್ನು ಮರೆಮಾಚಲಾಗಿದೆ ಎಂದು ಆರೋಪಿಸಿ ಅಮೆರಿಕ ಸರ್ಕಾರವೇ 2024ರ ಜೂನ್‌ನಲ್ಲಿ ಅಡೋಬಿ ವಿರುದ್ಧ ಮೊಕದ್ದಮೆ ಹೂಡಿತ್ತು. ಮೊದಲ ವರ್ಷ ಉಚಿತ ತಂತ್ರಾಂಶದಲ್ಲೇ ಕೆಲಸ ಮಾಡಿ, ಆದಾಯ ನೋಡಿಕೊಂಡು ಮುಂದುವರಿಯುವಂತೆ ಅವನಿಗೆ ಹೇಳಿದ್ದೇನೆ.