ಹಳ್ಳಕ್ಕೆ ಶಾಂಪೂ ಬೇಡ ಕಣ್ರೀ!

ರಜೆಗೆ ಮೂಡಿಗೆರೆ, ಕಳಸದ ಕಡೆ ಹೋಮ್‌ಸ್ಟೇಗೆ ಹೊರಟಿದ್ದೀರಾ? ಬ್ಯಾಗಿಗೆ ಶಾಂಪೂ ಹಾಕುವ ಮುನ್ನ ಅಡುಗೆಮನೆಯಲ್ಲೇ ಒಂದು ಆಟ ಆಡಿ ನೋಡಿ.

ತಟ್ಟೆಯಲ್ಲಿ ನೀರು ಹಾಕಿ, ಮೇಲೆ ಚಿಟಿಕೆ ಕಾಳುಮೆಣಸಿನ ಪುಡಿ ಉದುರಿಸಿ. ಬೆರಳ ತುದಿಗೆ ಒಂಚೂರು ಸೋಪು ಹಚ್ಚಿ ನಡುವೆ ಮುಟ್ಟಿ. ಪುಡಿಯೆಲ್ಲ ಅಂಚಿಗೆ ಓಡಿಬಿಡುತ್ತೆ!

ಯಾಕೆ ಗೊತ್ತಾ? ನೀರಿನ ಅಣುಗಳು ಒಂದನ್ನೊಂದು ಎಳೆದುಕೊಂಡಿರುತ್ತವೆ. ಹಾಗಾಗಿ ನೀರಿನ ಮೇಲ್ಮೈ ಬಿಗಿಯಾದ ಪೊರೆಯಂತಿರುತ್ತದೆ. ಸೋಪಿನ ಅಣುವಿಗೆ ನೀರನ್ನು ಬಯಸುವ ತಲೆ, ಜಿಡ್ಡನ್ನು ಬಯಸುವ ಬಾಲ. ಅದು ಮೇಲ್ಮೈಗೆ ಬಂದು ನಿಂತು ಆ ಬಿಗಿಯನ್ನು ಸಡಿಲಿಸುತ್ತದೆ. ಜಿಡ್ಡು ಸಿಕ್ಕರೆ ಸುತ್ತುವರಿದು ನೀರಿನ ಜೊತೆ ಕಳಿಸುತ್ತದೆ. ಅಜ್ಜಿಯರ ಕಾಲದ ಸೀಗೆಕಾಯಿ, ಅಂಟುವಾಳದಲ್ಲಿರುವ ಸಪೋನಿನ್ ಮಾಡುವುದೂ ಇದೇ ಕೆಲಸ.

ಪಾತ್ರೆಗೆ ಒಳ್ಳೆಯದಾದ ಈ ಗುಣ ಹಳ್ಳಕ್ಕೆ ಒಳ್ಳೆಯದಲ್ಲ. ನೀರಿನ ಮೇಲೆ ನಡೆದಾಡುವ ಹುಳಗಳು ಬಿಗಿ ತಪ್ಪಿದರೆ ಮುಳುಗುತ್ತವೆ. ಸೋಪು ಹೆಚ್ಚಾದರೆ ಮೀನಿನ ಕಿವಿರಿಗೂ ಹಾನಿ. ಕಳಸದಲ್ಲಿ ಭದ್ರೆ, ಮೂಡಿಗೆರೆ ಸೀಮೆಯಲ್ಲಿ ಹೇಮಾವತಿ ಹರಿಯುತ್ತಾರೆ. ಕೆಳಗಿನ ಊರುಗಳಿಗೆ ಅದೇ ನೀರು.

ಹೀಗೆ ಮಾಡಿ:

* ಹಳ್ಳದಲ್ಲಿ ಬರೀ ನೀರಾಟ ಸಾಕು. ಸೋಪು, ಶಾಂಪೂ ಬಚ್ಚಲಿಗೇ ಇರಲಿ.

* ಅಂಟುವಾಳವೂ ಮೀನಿಗೆ ವಿಷ. ‘ನ್ಯಾಚುರಲ್’ ಅಂತ ಹೊಳೆಗೆ ಹಾಕಬೇಡಿ.

* ಮನೆಯಲ್ಲಿ ಜಿಡ್ಡಿನ ಪಾತ್ರೆಯನ್ನು ಮೊದಲು ಹಳೇ ಪೇಪರಿನಿಂದ ಒರೆಸಿ. ಕಡಿಮೆ ಸೋಪು ಸಾಕಾಗುತ್ತೆ. ನೊರೆ ಜಾಸ್ತಿಯಾದರೆ ಪಾತ್ರೆ ಜಾಸ್ತಿ ಶುಚಿ ಅನ್ನೋದು ನಮ್ಮ ಭ್ರಮೆ ಅಷ್ಟೆ!